ಹೂಂಗುಟ್ಟಿದ್ದು

ಹೋದ ತಿಂಗಳು ಒಂದು ಭಾನುವಾರ ಸಂಜೆ ಅಪ್ಪ ಫೋನ್ ಮಾಡಿದ್ರು. ಹದಿನೆಂಟು ನಿಮಿಷ ಮಾತಾಡಿದೀವಿ ಅಂತ ಫೋನಿನ ಲೆಕ್ಕ ಹೇಳುತ್ತೆ. ಮಳೆ, ತೆಂಗಿನಕಾಯಿ ರೇಟು, ಪಕ್ಕದ ಮನೆಯವರ ಗೃಹಪ್ರವೇಶ, ಇಷ್ಟು ನೆನಪಿದೆ. ಮೂರು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. "ಅಪ್ಪ ಗಾಡಿ ಮಾರ್ಬಿಟ್ರಂತೆ ಕಣೋ. ಎಡಗಣ್ಣು ಮಂಜಾಗ್ತಿದೆಯಂತೆ. ನಿಂಗೆ ಗೊತ್ತಿತ್ತಂತಲ್ಲ?"

ನನಗೆಲ್ಲಿ ಗೊತ್ತಿತ್ತು!

"ಅವನಿಗೂ ಹೇಳ್ದೆ, ಹೂಂ, ಒಳ್ಳೇದಾಯ್ತು ಬಿಡಿ ಅಂದ, ಅಂದ್ರು."

ಆ ಹೊತ್ತಲ್ಲಿ ನಾನೆಲ್ಲಿದ್ದೆ ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. ಸೋಮವಾರದ ಮೀಟಿಂಗಲ್ಲಿ ಮ್ಯಾನೇಜರ್ ಏನು ಕೇಳಬಹುದು, ನಾನೇನು ಹೇಳಬೇಕು ಎಂಬ ನಾಟಕ ತಲೆಯೊಳಗೆ ಮೂರನೇ ಪ್ರದರ್ಶನ ಕಾಣ್ತಿತ್ತು. ಅದರಲ್ಲಿ ನಾನು ಬಹಳ ಚೆನ್ನಾಗಿ ಉತ್ತರ ಕೊಡ್ತಿದ್ದೆ.

ತಪ್ಪು ಮಾಡಿದವನು ಮೊದಲು ಹುಡುಕೋದು ವಕೀಲರನ್ನ. ನನಗೆ ಸಿಕ್ಕ ವಕೀಲರು ನರವಿಜ್ಞಾನಿಗಳು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್ ಮಾಡಿ ಮಿದುಳನ್ನು ನೋಡುತ್ತಿದ್ದರು. ಏನಾದರೂ ಕೆಲಸ ಕೊಟ್ಟರೆ ಮಿದುಳಿನ ಯಾವ ಭಾಗ ಚುರುಕಾಗುತ್ತೆ ಎಂಬುದು ಅವರ ಪ್ರಶ್ನೆ. ಹೋಲಿಸಿ ನೋಡೋಕೆ ಸುಮ್ಮನೆ ಮಲಗಿರುವಾಗಿನ ಚಿತ್ರವೂ ಬೇಕಲ್ಲ. ಆ ಹೋಲಿಕೆಯಲ್ಲೇ ವಿಚಿತ್ರ ಕಂಡಿದ್ದು: ಕೆಲವು ಜಾಗಗಳು ಕೆಲಸ ಕೊಟ್ಟ ಕೂಡಲೇ ತಣ್ಣಗಾಗುತ್ತಿದ್ದವು. 1997ರಲ್ಲಿ ಅಲ್ಲಿನವರೇ ಆದ ಗಾರ್ಡನ್ ಶುಲ್ಮನ್ ಮತ್ತಿತರರು ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲಸ ಬೇರೆ ಬೇರೆಯಾದರೂ ತಣ್ಣಗಾಗುವ ಜಾಗಗಳು ಹೆಚ್ಚುಕಡಿಮೆ ಅವೇ. 2001ರಲ್ಲಿ ರೈಕಲ್ ತಂಡ ಇದಕ್ಕೆ 'ಡಿಫಾಲ್ಟ್ ಮೋಡ್' ಅಂತ ಹೆಸರಿಟ್ಟಿತು. ಫೋನಿನ ಡಿಫಾಲ್ಟ್ ರಿಂಗ್‌ಟೋನ್ ಇದ್ದ ಹಾಗೆ. ನಾವು ಏನೂ ಆರಿಸದೇ ಇದ್ದಾಗ ಬಾರಿಸೋದು ಅದೇ.

ಲೆಕ್ಕ ಇನ್ನೂ ಮಜವಾಗಿದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ನುಂಗುತ್ತೆ. ಮನಸ್ಸಿಟ್ಟು ಏನಾದರೂ ಮಾಡಿದರೆ ಆ ಖರ್ಚು ಜಾಸ್ತಿಯಾಗೋದು ಶೇ. 5ಕ್ಕಿಂತಲೂ ಕಡಿಮೆ. "ಏನಿಲ್ಲ, ಸುಮ್ನೆ ಕೂತಿದೀನಿ" ಅಂತೀವಲ್ಲ, ಮಿದುಳಿನ ಮಟ್ಟಿಗೆ ಅದು ಶುದ್ಧ ಸುಳ್ಳು. ಇನ್ನು 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್, 2250 ಜನರ ಐಫೋನಿಗೆ ಹೊತ್ತುಗೊತ್ತಿಲ್ಲದೆ ಪ್ರಶ್ನೆ ಕಳಿಸಿ, ಈಗ ಏನು ಮಾಡ್ತಿದೀರಿ, ಮನಸ್ಸು ಅದರ ಮೇಲೇ ಇದೆಯಾ ಅಂತ ಕೇಳಿದರು. ಶೇ. 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಜನ ಅಷ್ಟೇನೂ ಖುಷಿಯಾಗಿರಲಿಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ನಾನು ಬಚಾವ್. ಹದಿನೆಂಟು ನಿಮಿಷದಲ್ಲಿ ಎಂಟು ನಿಮಿಷ ಕಾಣೆಯಾಗೋದು ಮನುಷ್ಯಮಾತ್ರದವರ ಸರಾಸರಿ.

ಆದರೆ ಈ ವಕೀಲರು ಪೂರ್ತಿ ನನ್ನ ಕಡೆಯವರಲ್ಲ. ಹಳೆಯದನ್ನು ನೆನೆಯುವಾಗ, ಮುಂದಿನದನ್ನು ಊಹಿಸುವಾಗ, ಇನ್ನೊಬ್ಬರ ಮನಸ್ಸಲ್ಲಿ ಏನಿರಬಹುದು ಅಂತ ಯೋಚಿಸುವಾಗಲೂ ಚುರುಕಾಗೋದು ಹೆಚ್ಚುಕಡಿಮೆ ಇದೇ ಜಾಲ ಅಂತ ಆಮೇಲಿನ ಸಂಶೋಧನೆಗಳು ಹೇಳಿವೆ. ಅಕ್ಕ ಫೋನ್ ಇಟ್ಟ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದುರಿಂದ ಬರುವ ಲಾರಿಯ ಲೈಟಿಗೆ ಹೆದರಿ ಅಪ್ಪ ಗಾಡಿಯನ್ನ ರಸ್ತೆ ಪಕ್ಕಕ್ಕೆ ತಂದು, ಒಂದು ಕಣ್ಣು ಮುಚ್ಚಿ ತೆಗೆದು ನೋಡ್ತಾ ನಿಂತಿರೋದು ಕಾಣ್ತಿತ್ತು. ನಾನದನ್ನ ನೋಡಿಲ್ಲ, ಯಾರೂ ಹೇಳಿಲ್ಲ. ಭಾನುವಾರ ಅಪ್ಪನನ್ನ ಬಿಟ್ಟು ಮ್ಯಾನೇಜರ್ ಹತ್ತಿರ ಹೋದದ್ದು ಯಾವುದೋ, ಬುಧವಾರ ರಾತ್ರಿ ಅಪ್ಪನ ಪಕ್ಕ ಹೋಗಿ ನಿಂತದ್ದೂ ಬಹುಶಃ ಅದೇ. ಅದನ್ನ ಬೈದು ಏನು ಮಾಡ್ಲಿ? ನಮ್ಮಾಫೀಸಲ್ಲಿ ಮನಸ್ಸನ್ನ ಕಟ್ಟಿಹಾಕೋದು ಹೇಗೆ ಅಂತ ಆಗಾಗ ಒಂದು ಕ್ಲಾಸು ಮಾಡಿಸ್ತಾರೆ. ಪೂರ್ತಿ ಕಟ್ಟಿಹಾಕಿದ ಮನಸ್ಸು ನನಗಂತೂ ಬೇಡ.

ಹಾಗಾದರೆ ತಪ್ಪು ಎಲ್ಲಾಯ್ತು?

ಚಿಕ್ಕವನಿದ್ದಾಗ ಅಜ್ಜಿ ಕತೆ ಹೇಳೋಳು. ಷರತ್ತು ಒಂದೇ, ನಾವು ಹೂಂಗುಟ್ಟಬೇಕು. ಹೂಂ ನಿಂತರೆ ಮಗು ನಿದ್ದೆ ಹೋಯ್ತು ಅಂತ ಅರ್ಥ, ಕತೆ ಅಲ್ಲಿಗೆ ನಿಲ್ಲುತ್ತಿತ್ತು. ಮಾರನೇ ರಾತ್ರಿ "ಎಲ್ಲಿಗೆ ಬಂದಿತ್ತೋ?" ಅಂತ ಕೇಳಿ ಅಲ್ಲಿಂದ ಶುರು. ನಿದ್ದೆ ಹೋದದ್ದಕ್ಕೆ ಅಜ್ಜಿ ಒಂದು ದಿನವೂ ಬೈದದ್ದಿಲ್ಲ. ನಮ್ಮ ಹೂಂ ಅಷ್ಟು ನಿಯತ್ತಿನದಾಗಿತ್ತು. ಈಗ ನಾನು ನಿದ್ದೆ ಹೋದ ಮೇಲೂ ಹೂಂಗುಟ್ಟೋದು ಕಲಿತಿದೀನಿ.

ಭಾನುವಾರದ ಆ ಫೋನನ್ನೇ ಮತ್ತೆ ನೆನೆಸಿಕೊಂಡೆ. ಒಂದು ಗಳಿಗೆ ಅಪ್ಪ ಮಾತು ನಿಲ್ಲಿಸಿದ್ದರು. ಆ ಮೌನಕ್ಕೇ ನನಗೆ ಎಚ್ಚರವಾದದ್ದು. ಏನೋ ತಪ್ಪಿಹೋಯ್ತು ಅಂತ ಆಗಲೇ ಗೊತ್ತಾಯ್ತು. ಹೋದದ್ದು ನನ್ನ ಕೈಲಿರಲಿಲ್ಲ, ಒಪ್ಪಿಕೊಳ್ಳೋಣ. ವಾಪಸ್ ಬಂದ ಮೇಲೆ? "ಏನಂದ್ರಿ?" ಅನ್ನೋಕೆ ಎರಡು ಸೆಕೆಂಡ್ ಸಾಕಿತ್ತು. ನಾನು "ಹೂಂ, ಒಳ್ಳೇದಾಯ್ತು ಬಿಡಿ" ಅಂದೆ. ಅದನ್ನ ಯಾವ ಜಾಲವೂ ಆಡಿಸಲಿಲ್ಲ. ಪೂರ್ತಿ ಎಚ್ಚರದಲ್ಲೇ ಆಡಿದ ಮಾತದು.

ಮರುದಿನ ಬೆಳಗ್ಗೆ ಫೋನ್ ಮಾಡಿ, "ಅಪ್ಪ, ಅವತ್ತು ನೀವು ಹೇಳಿದ್ದು ನಾನು ಕೇಳಿಸಿಕೊಳ್ಳಲೇ ಇಲ್ಲ" ಅಂದೆ.

"ಗೊತ್ತಾಯ್ತು ಬಿಡು. ನಿನ್ನ ಹೂಂ ನಂಗೊತ್ತಿಲ್ವಾ."

ಆಮೇಲೆ ಹೇಳತೊಡಗಿದರು. ಕತ್ತಲಾದ ಮೇಲೆ ಬೆಳಕಿನ ಸುತ್ತ ಬಳೆ ಕಾಣೋದು, ಗಾಡಿ ತಗೊಂಡವರು ಚೌಕಾಸಿ ಮಾಡಿದ್ದು. ನಡುವೆ ನಾನು ಯಾವ ಕಣ್ಣಾಸ್ಪತ್ರೆ, ಯಾವತ್ತು ರಜ, ರಾತ್ರಿ ಬಸ್ಸಾ, ಬೆಳಗ್ಗೆ ರೈಲಾ ಅಂತ ಹೊರಟೇಬಿಟ್ಟಿದ್ದೆ.

"ಅಪ್ಪ, ತಡೀರಿ. ಮತ್ತೆ ಎಲ್ಲೋ ಹೋಗಿಬಿಟ್ಟಿದ್ದೆ."

ಆ ಕಡೆಯಿಂದ ನಗು ಕೇಳಿಸಿತು. "ಸರಿ, ಎಲ್ಲಿಗೆ ಬಂದಿತ್ತು ಹೇಳು."

"ಬಳೆ ಕಾಣತ್ತೆ ಅಂದ್ರಲ್ಲ, ಅಲ್ಲಿಗೆ."