ಅಳುವಿಗೂ ಒಂದು ಜಾಗ

ತಾವರಗೇರಾ ಸೀಮೆಯ ಹಳ್ಳಿಗಳಲ್ಲಿ ಸಾವಿನ ಮನೆಗೆ ಬಂದ ಹೆಣ್ಣುಮಕ್ಕಳು ಸತ್ತವರ ಗುಣ, ದುಡಿಮೆಗಳನ್ನು ನೆನೆದು ಹಾಡಾಡಿಕೊಂಡು ಅಳುತ್ತಾರೆ. ಅಳದೆ ಕೂತವಳನ್ನು ಕಂಡರೆ ಹಿರಿಯರಿಗೆ ಗಾಬರಿ: 'ಅತ್ತುಬಿಡವ್ವಾ, ಹಗುರಾಗ್ತೈತಿ.' ಮೊಹರಂನಲ್ಲಿ ಹಿಂದೂ-ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳು ಕ್ರಿ.ಶ. 680ರ ಕರ್ಬಲಾದ ಶೋಕವನ್ನು ಇಂದಿಗೂ ಹೊತ್ತಿವೆ.

ಓದಿದ ನಾವು ಮಾತ್ರ 'ಪಾಸಿಟಿವ್ ಆಗಿರು' ಎನ್ನುತ್ತೇವೆ. ಆಗ ಅಳುವವರಿಗೆ ನೋವಿನ ಜೊತೆ ನಾಚಿಕೆಯೂ ಸೇರುತ್ತದೆ. ಕಳೆದುಕೊಂಡದ್ದಕ್ಕೆ ತಕ್ಕಷ್ಟು ನೋಯುವುದೂ ಮನಸ್ಸಿನ ಆರೋಗ್ಯವೇ ಎಂಬುದನ್ನು ಮರೆತಿದ್ದೇವೆ.

ಹಾಗಂತ ನೋವನ್ನು ಒಪ್ಪುವುದೆಂದರೆ ಅದರ ಕಾರಣವನ್ನೂ ಒಪ್ಪಿ ಸುಮ್ಮನಿರುವುದಲ್ಲ. ಮಳೆಯಿಲ್ಲದೆ ಬೆಳೆ ಒಣಗಿದ ರೈತನಿಗೆ ಸಮಾಧಾನದ ಮಾತಷ್ಟೇ ಸಾಲದು, ಪರಿಹಾರವೂ ಬೇಕು. ಅವನ ಸಿಟ್ಟನ್ನು ತಣಿಸುವ ಮುಂಚೆ ಅದು ಏನು ಕೇಳುತ್ತಿದೆಯೆಂದು ಆಲಿಸಬೇಕು.

ಇನ್ನು, ವಾರಗಟ್ಟಲೆ ಊಟ-ನಿದ್ದೆ ಕೆಟ್ಟರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ನೆರವು ಕೇಳಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಾಗೆ ಕೇಳುವುದೂ ನೋವನ್ನು ಒಪ್ಪಿಕೊಂಡವರಿಂದಲೇ ಆದೀತು. 'ನನಗೇನೂ ಆಗಿಲ್ಲ' ಎನ್ನುವವರು ಯಾರ ಬಾಗಿಲನ್ನು ತಟ್ಟಿಯಾರು?