ಪರದುಃಖದ ಋಣ

ತಾನು ಅನುಭವಿಸದ ದುಃಖವನ್ನು ತನ್ನದೆಂದು ಹಾಡುವ ಕವಿಯು ಸತ್ಯಕ್ಕೆ ತಪ್ಪಿದವನಾಗುವನೇ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅಮೆರಿಕದ ಗಾಯಕಕವಿ ಜಾನಿ ಕ್ಯಾಷನ ಜೀವನವು ತಕ್ಕ ನಿದರ್ಶನವಾಗಿದೆ.

ಕ್ಯಾಷನು ೧೯೩೨ರಲ್ಲಿ ಆರ್ಕನ್ಸಾ ಪ್ರಾಂತದ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಹತ್ತಿಯ ಹೊಲದಲ್ಲಿ ದುಡಿದು ಬೆಳೆದನು. ೧೯೪೪ರಲ್ಲಿ ಅವನ ಅಣ್ಣನು ಗರಗಸದ ಯಂತ್ರಕ್ಕೆ ಸಿಕ್ಕಿ ಮಡಿದನು. ಅಲ್ಲಿನ ಹಳ್ಳಿಗರ ಹಾಡುಗಳಿಂದ ಬೆಳೆದುಬಂದ 'ಕಂಟ್ರಿ' ಸಂಗೀತವೇ ಅವನು ಹಿಡಿದ ಮಾರ್ಗ. ವಿಮಾನದಳದ ಸೇವೆಗಾಗಿ ಜರ್ಮನಿಯಲ್ಲಿದ್ದಾಗ, ಕ್ಯಾಲಿಫೋರ್ನಿಯದ ಫೋಲ್ಸಮ್ ಸೆರೆಮನೆಯನ್ನು ಕುರಿತ ಚಲನಚಿತ್ರವೊಂದನ್ನು ನೋಡಿ, ಕೊಲೆಗಾರ ಕೈದಿಯೊಬ್ಬನ ಬಾಯಿಂದ ಹೊರಡುವಂತೆ ಗೀತವೊಂದನ್ನು ಕಟ್ಟಿದನು. ಅದು ೧೯೫೫ರಲ್ಲಿ ಧ್ವನಿಮುದ್ರಿತವಾಗಿ ಪ್ರಸಿದ್ಧವಾಯಿತು. ಕ್ಯಾಷನಾದರೋ ಯಾರನ್ನೂ ಕೊಂದವನಲ್ಲ. ಕೆಲವು ರಾತ್ರಿಗಳನ್ನು ಬಂಧನದಲ್ಲಿ ಕಳೆದುದುಂಟೇ ಹೊರತು ಸೆರೆವಾಸದ ಶಿಕ್ಷೆಯನ್ನು ಅನುಭವಿಸಿದವನೂ ಅಲ್ಲ.

ಹಾಗಾದರೆ ಗೀತವು ಸುಳ್ಳಾಯಿತಲ್ಲವೇ ಎಂಬುದು ಆಕ್ಷೇಪ. ಯಕ್ಷನ ವಿರಹವನ್ನು ಹೇಳುವುದಕ್ಕೆ ಕಾಳಿದಾಸನು ಶಾಪಗ್ರಸ್ತನಾಗಬೇಕಾಗಿರಲಿಲ್ಲ ಎಂಬುದು ಸಮಾಧಾನ. ಒಬ್ಬನ ಶೋಕವು ಕಾವ್ಯದಲ್ಲಿ ಎಲ್ಲರ ಶೋಕವಾಗುವುದನ್ನೇ ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದರು. ಸಹೃದಯನು ಗೀತವನ್ನು ನ್ಯಾಯಸ್ಥಾನದ ಸಾಕ್ಷ್ಯದಂತೆ ಕೇಳುವುದಿಲ್ಲ. ಆದುದರಿಂದ ಅವನು ವಂಚಿತನಾಗುವುದೂ ಇಲ್ಲ.

ಆದರೆ ಅಸತ್ಯದ ದೋಷವು ಕಳೆದ ಮಾತ್ರಕ್ಕೆ ಋಣವು ಕಳೆಯದು. ವೇಷಧಾರಿಯು ವೇಷವನ್ನು ಕಳಚಿ ಮನೆಗೆ ತೆರಳುವನು. ಕೈದಿಯು ಸೆರೆಯಲ್ಲಿಯೇ ಉಳಿಯುವನು. ಕೀರ್ತಿಯೂ ಧನವೂ ಒಬ್ಬನಿಗೆ, ದುಃಖವು ಮಾತ್ರ ಮತ್ತೊಬ್ಬನಿಗೆ ಎಂದಾದರೆ ಅದು ವ್ಯಾಪಾರವಲ್ಲದೆ ಮತ್ತೇನು?

ಕ್ಯಾಷನು ಈ ಋಣವನ್ನು ಅರಿತವನಂತೆ ನಡೆದುಕೊಂಡನು. ೧೯೬೮ರ ಜನವರಿ ೧೩ರಂದು ಫೋಲ್ಸಮ್ಮಿಗೇ ಹೋಗಿ, ಕೈದಿಗಳೆದುರಿನಲ್ಲಿ ಆ ಗೀತವನ್ನು ಹಾಡಿದನು. ಅಲ್ಲಿ ಸೆರೆಯಲ್ಲಿದ್ದ ಗ್ಲೆನ್ ಷರ್ಲಿಯೆಂಬವನು ಕಟ್ಟಿದ ಹಾಡೊಂದನ್ನೂ ಹಾಡಿ ಲೋಕಕ್ಕೆ ತಿಳಿಸಿದನು. ೧೯೭೨ರಲ್ಲಿ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತು ಸೆರೆಮನೆಗಳ ಸುಧಾರಣೆಗಾಗಿ ವಾದಿಸಿದನು.

ಆದರೂ ಎರಡು ಸಂಗತಿಗಳನ್ನು ಮರೆಯಲಾಗದು. ಆ ಗೀತದ ಧಾಟಿಯೂ ಅನೇಕ ನುಡಿಗಳೂ ಗಾರ್ಡನ್ ಜೆಂಕಿನ್ಸನ ೧೯೫೩ರ ರಚನೆಯೊಂದರಿಂದ ಬಂದವು. ಅದಕ್ಕಾಗಿ ಕ್ಯಾಷನು ಮುಂದೆ ಹಣ ತೆರಬೇಕಾಯಿತು. ಎರಡನೆಯದು ಇನ್ನೂ ಗಹನವಾದುದು. ಫೋಲ್ಸಮ್ ಕಚೇರಿಯ ಮುದ್ರಿಕೆಯಲ್ಲಿ, ಕೊಲೆಯನ್ನು ಹೇಳುವ ಸಾಲು ಮುಗಿಯುತ್ತಲೇ ಹರ್ಷಧ್ವನಿಯು ಕೇಳಿಬರುತ್ತದೆ. ಆ ಕ್ಷಣದಲ್ಲಿ ಕೈದಿಗಳು ಹಾಗೆ ಕೂಗಿರಲಿಲ್ಲ. ಅದು ಮುದ್ರಿಕೆಯನ್ನು ಸಿದ್ಧಪಡಿಸುವಾಗ ಸೇರಿಸಿದ ಧ್ವನಿ. ಕವಿಯ 'ನಾನು' ಎಂಬ ಮಾತು ಯಾರನ್ನೂ ವಂಚಿಸಲಿಲ್ಲ. ಈ ಕೂಗಾದರೋ, ಕೊಲೆಯ ಮಾತಿಗೆ ಹಿಗ್ಗುವ ಜನರಿವರೆಂದು ಲೋಕವನ್ನು ನಂಬಿಸಿತು. ಅಲ್ಲವೆಂದು ಹೇಳಲು ಸೆರೆಯಲ್ಲಿದ್ದವರಿಗೆ ಬಾಯಿರಲಿಲ್ಲ. ಅಸತ್ಯವಿರುವುದು ಇಲ್ಲಿ.

ಋಣವು ಪೂರ್ತಿಯಾಗಿ ತೀರುವುದೂ ದುರ್ಲಭವೇ. ೧೯೭೧ರಲ್ಲಿ ಬಿಡುಗಡೆಯಾದ ಷರ್ಲಿಗೆ ಕ್ಯಾಷನು ತನ್ನ ಮೇಳದಲ್ಲಿ ಆಶ್ರಯವಿತ್ತನು. ಹೊರಗಿನ ಬಾಳು ಅವನಿಗೆ ಹೊಂದಲಿಲ್ಲ. ೧೯೭೮ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಕ್ಯಾಷನು ೨೦೦೩ರಲ್ಲಿ ತೀರಿಕೊಂಡನು.

ಪರದುಃಖವನ್ನು ಹಾಡಬಾರದೆಂದು ಇದರಿಂದ ಸಿದ್ಧವಾಗದು. ಯಾರ ದುಃಖವನ್ನು ಹಾಡುವೆವೋ ಅವರ ಕಣ್ಣೆದುರಿಗೆ ನಿಂತು ಹಾಡಬಲ್ಲೆವೇ ಎಂಬುದೇ ಪರೀಕ್ಷೆ. ಅವರ ಮೌನವನ್ನು ಮೌನವಾಗಿಯೇ ಉಳಿಸುವುದು ಕವಿಯ ಧರ್ಮ.