ಎದುರು ಪಾಳೆಯದಿಂದ ಬಂದ ಸಾಕ್ಷ್ಯ



ಯಾರ ಕಣ್ಣಿಗೂ ಬೀಳದ ಸತ್ಕಾರ್ಯ ವ್ಯರ್ಥವೇ? ಈ ಪ್ರಶ್ನೆಯನ್ನು ಕನ್ನಡ ನಾಡಿನ ವೀರರೊಬ್ಬರ ಬಾಳಿನ ಬೆಳಕಿನಲ್ಲಿ ಆಲೋಚಿಸೋಣ.

1932ರಲ್ಲಿ ಕೊಡಗಿನಲ್ಲಿ ಜನಿಸಿದ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಸೆಪ್ಟೆಂಬರ್ 7ರ ಮುಂಜಾವಿನಲ್ಲಿ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದು ಮೀಸಲು ಸ್ಥಾನ. ಆದರೂ ಅವರು ದಾಳಿಯಲ್ಲಿ ಪಾಲ್ಗೊಂಡರು. ಆಗ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಸ್ಟಾರ್‌ಫೈಟರ್ ವಿಮಾನದಲ್ಲಿ ಅವರನ್ನು ಬೆನ್ನಟ್ಟಿದರು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು; ಮಿಸ್ಟೇರ್‌ನ ವೇಗ ಅದರ ಸುಮಾರು ಅರ್ಧ. ಪೆಟ್ಟು ತಿಂದ ವಿಮಾನದಲ್ಲಿಯೇ ತಿರುಗಿ ಹೋರಾಡಿದ ದೇವಯ್ಯನವರು ಸ್ಟಾರ್‌ಫೈಟರನ್ನು ಉರುಳಿಸಿದರು. ಅಮ್ಜದ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಮರಳಲಿಲ್ಲ.

ಆ ಕಾಳಗವನ್ನು ಸಂಗಡಿಗರು ಕಂಡಿರಲಿಲ್ಲ. ಕಾಣೆಯಾದವರೆಂದಷ್ಟೇ ದಾಖಲಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನದ ವಾಯುಪಡೆಯ ಮಾಹಿತಿಯನ್ನು ಆಧರಿಸಿ ಬರೆದ ಪುಸ್ತಕದಿಂದ ಸತ್ಯ ಹೊರಬಂದಿತು. 1988ರಲ್ಲಿ, ಅಂದರೆ 23 ವರ್ಷಗಳ ಬಳಿಕ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಯುದ್ಧವನ್ನು ಕೊಂಡಾಡಲು ಇದನ್ನು ಹೇಳುತ್ತಿಲ್ಲ. ಯುದ್ಧ ಎರಡೂ ಕಡೆಯ ಮನೆಗಳನ್ನು ಬರಿದು ಮಾಡುತ್ತದೆ. ಆದರೆ ವಿಚಾರ ಮಾಡಿರಿ: ಆ 23 ವರ್ಷ ದೇವಯ್ಯನವರ ಶೌರ್ಯ ಒಂದಿಷ್ಟಾದರೂ ಕಡಿಮೆಯಾಗಿತ್ತೇ? ಇಲ್ಲ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸಗಳನ್ನು ಜನರ ಮೆಚ್ಚುಗೆಗಾಗಿ ಮಾಡಬಾರದೆಂದು ಬೋಧಿಸುತ್ತಾರೆ. ಗುಪ್ತವಾದುದನ್ನು ಪರಮಪಿತ ಕಾಣುತ್ತಾರೆ. ಒಳಿತು ಒಳಿತಾಗಲು ಪದಕ ಬೇಕಿಲ್ಲ.

ಹಾಗಾದರೆ ನೋಡಿದವರು ಸುಮ್ಮನಿರಬಹುದೇ? ಇಲ್ಲಿಯೇ ನಾವು ಎಡವುತ್ತೇವೆ. ಮರೆಯಲ್ಲಿರುವುದು ಒಳಿತು ಮಾಡಿದವರ ವಿನಯ; ಅದನ್ನು ಮರೆಯಲ್ಲಿಯೇ ಉಳಿಸುವುದು ನಮ್ಮ ಅನ್ಯಾಯ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ದೈವಾಜ್ಞೆಯನ್ನು ನಾಲಿಗೆಯಿಂದ ಮಾತ್ರವಲ್ಲ, ಮೌನದಿಂದಲೂ ಮೀರಬಹುದು. ಪಾಕಿಸ್ತಾನದ ಕಡೆಯ ವೃತ್ತಾಂತ ಬೆಳಕಿಗೆ ಬರದಿದ್ದರೆ ದೇವಯ್ಯನವರ ಮನೆಯವರಿಗೆ ಸತ್ಯ ಎಂದೂ ತಿಳಿಯುತ್ತಿರಲಿಲ್ಲವೇನೋ.

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯತ್ತ ಕಬ್ಬಿನ ಗಾಡಿಗಳು ಸಾಲಾಗಿ ಸಾಗುವುದನ್ನು ನಮ್ಮ ಭಾಗದ ಜನ ಬಲ್ಲರು. ಸಕ್ಕರೆಯ ಚೀಲದ ಮೇಲೆ ಕಾರ್ಖಾನೆಯ ಹೆಸರಿರುತ್ತದೆ. ಕಬ್ಬು ಕಡಿದವರ ಹೆಸರಿರುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುವ ಸೊಸೆ, ತಮ್ಮಂದಿರ ಓದಿಗಾಗಿ ತನ್ನ ಓದನ್ನು ಬಿಟ್ಟ ಅಣ್ಣ ಇದ್ದಾರೆ. ಅವರ ಒಳಿತನ್ನು ನಾವು ಎಂದಾದರೂ ಬಾಯಿಬಿಟ್ಟು ಹೇಳಿದ್ದೇವೆಯೇ?

ಮಿತ್ರರ ಗುಣಗಾನ ಸುಲಭ. ಬದುವಿನ ತಕರಾರಿನಿಂದ ಮಾತು ಬಿಟ್ಟ ನೆರೆಯವರ ಒಳಿತನ್ನು ನುಡಿಯುವುದೇ ಕಠಿಣ. ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ನಿಮ್ಮೊಡನೆ ಮನಸ್ತಾಪವಿರುವ ಒಬ್ಬರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮಕ್ಕಳ ಮುಂದೆ ಅವರ ಹೆಸರು ಹಿಡಿದೇ ಹೇಳಿರಿ.